ನಾನೂರ ಹದಿನೇಳನೇ ಲಾರಿಯ ಉಸಿರು

ಇದು ನಮ್ಮ ಪಕ್ಕದ ಮನೆಯ ಕ್ಲೋವಿಸ್ ಟ್ಯಾಕೆಟ್‌ಗೆ ಆಗಿದ್ದು. ಕ್ಲೋವಿಸ್ ಕತೆ ಕಟ್ಟೋನಲ್ಲ. ಈ ಕಡೆಯ ಲಾರಿ ಡ್ರೈವರುಗಳು ತಾವು ಹಿಡಿದ ಮೀನಿನ ಉದ್ದದ ಬಗ್ಗೆಯಾದ್ರೂ ಸುಳ್ಳು ಹೇಳ್ತಾರೆ, ಇವನು ಅದನ್ನೂ ಹೇಳಲ್ಲ.

ನವೆಂಬರ್ ತಿಂಗಳು. ರಾತ್ರಿ ಹನ್ನೆರಡೂವರೆ. ಸೆಡೇಲಿಯಾ ಊರಾಚೆ ಕಂಪನಿಯ ಲಾರಿ ಯಾರ್ಡು. ಗೇಟಿನಿಂದ ಕೊನೇ ಸಾಲಿಗೆ ಕಾಲು ಮೈಲಿ ನಡೀಬೇಕು. ಮೊದಲು ಅದು ಯಾರದೋ ಜೋಳದ ಹೊಲವಾಗಿತ್ತು. ಹೊಲದ ಹಳೇ ಬಾವಿ ಇನ್ನೂ ಅಲ್ಲೇ ಇದೆ. ಮೇಲೆ ಕಾಂಕ್ರೀಟ್ ಚಪ್ಪಡಿ, ಪಕ್ಕದಲ್ಲಿ ಒಂದು ಮುದಿ ವಾಲ್‌ನಟ್ ಮರ. ಲಾರಿಯವನಿಗೆ ಲಾರಿಯೇ ಮನೆ. ಕ್ಲೋವಿಸ್ ಆ ಮನೆಗೆ, ಅಂದ್ರೆ ಹೊಸದಾಗಿ ಸಿಕ್ಕ ಲಾರಿಗೆ, ನಡೆದು ಹೋಗ್ತಿದ್ದ, ಕಂಕುಳಲ್ಲಿ ಒಂದು ರಟ್ಟಿನ ಡಬ್ಬ, ಎದೆಯಲ್ಲಿ ಬೆಂಕಿಯಂಥಾ ಸಿಟ್ಟು.

ಸಿಟ್ಟು ಯಾಕಿರಲ್ಲ ಹೇಳಿ. ಇಪ್ಪತ್ತಾರು ವರ್ಷ ಹದಿನೆಂಟು ಗಾಲಿ ಓಡಿಸಿದಾನೆ, ಒಬ್ಬರ ಬೇಲಿ ಕಂಬ ಕೂಡ ಮುರಿದಿಲ್ಲ. ಮೂರು ವಾರದ ಹಿಂದೆ ಲೈಸೆನ್ಸಿನ ಆರೋಗ್ಯ ಪರೀಕ್ಷೆಗೆ ಹೋದ. ಒಂದು ಹುಡುಗಿ ಅವನನ್ನ ತಕ್ಕಡಿ ಮೇಲೆ ನಿಲ್ಲಿಸಿದ್ಲು. ಮುನ್ನೂರ ಹದಿನೆಂಟು ಪೌಂಡು. ಆಮೇಲೆ ದರ್ಜಿಯ ಹಾಗೆ ಕತ್ತಿಗೆ ಟೇಪು ಸುತ್ತಿದ್ಲು. ಹತ್ತೊಂಬತ್ತು ಇಂಚು. ಡಾಕ್ಟರು ಅವನ ಮುಖ ನೋಡಲಿಲ್ಲ, ಇಂಚು ನೋಡಿದ್ರು.

"ಕತ್ತು ಹದಿನೇಳು ದಾಟಿದ್ರೆ ನಿದ್ದೆಯಲ್ಲಿ ಉಸಿರು ಕಟ್ಟಬಹುದು, ನಿದ್ದೆ ಪರೀಕ್ಷೆ ಆಗ್ಲೇಬೇಕು. ಕಂಪನಿ ನಿಯಮ."

"ಹಂದಿ ಸಂತೆಯಲ್ಲೂ ಇಷ್ಟು ಅಳೆಯಲ್ಲ" ಅಂದ ಕ್ಲೋವಿಸ್.

ಮೈಗೆಲ್ಲ ವೈರು ಅಂಟಿಸಿ ಮಲಗಿಸಿದ್ರು. ನಿದ್ದೆಯಲ್ಲಿ ಗಂಟೆಗೆ ನಲವತ್ತೊಂದು ಸಲ ಉಸಿರು ನಿಲ್ಲತ್ತೆ ಅಂತ ಬಂತು. ಅದು ಸುಳ್ಳಲ್ಲ, ಅದಕ್ಕೇ ಅವನಿಗೆ ಇನ್ನೂ ಸಿಟ್ಟು. ಹೆಂಡತಿ ಮಾರ್ಲೀನ್ ಹತ್ತು ವರ್ಷದಿಂದ ಹೇಳ್ತಿದ್ಲು, "ನೀನು ರಾತ್ರಿ ಸಾಯ್ತೀಯ ಕ್ಲೋವಿಸ್, ಬೆಳಿಗ್ಗೆ ಎದ್ದು ಕಾಫಿ ಕೇಳ್ತೀಯ" ಅಂತ. ಒಂದು ಮಧ್ಯಾಹ್ನ ಲಾರಿ ಓಡಿಸ್ತಿದ್ದಾಗ ಎಫಿಂಗಮ್ ಹತ್ರ ಅರ್ಧ ಮೈಲಿ ರಸ್ತೆ ಅವನ ನೆನಪಿನಿಂದಲೇ ಮಾಯ ಆಗಿತ್ತು. ಅದನ್ನ ಅವನು ಯಾರಿಗೂ ಹೇಳಿರಲಿಲ್ಲ.

ಮೂರು ವಾರ ಮನೇಲಿ ಕೂರಿಸಿದ್ರು. ಹನ್ನೊಂದು ವರ್ಷ ಓಡಿಸಿದ ಅವನ ಲಾರಿಯನ್ನ ಬೇರೆಯವನಿಗೆ ಕೊಟ್ರು. ಇವತ್ತು ಸಂಜೆ ಕರೆದು ಮೂರು ತಿಂಗಳು ಓಡಿಸಬಹುದು ಅನ್ನೋ ಆರೋಗ್ಯದ ಕಾರ್ಡು, ನಾನೂರ ಹದಿನೇಳನೇ ನಂಬರಿನ ಲಾರಿಯ ಕೀಲಿ, ಮತ್ತೆ ಈ ಡಬ್ಬ ಕೊಟ್ರು. ಡಬ್ಬದೊಳಗೆ ಮೂಗಿಗೆ ಗಾಳಿ ಊದೋ ಮಿಷಿನ್ನು. ಹೊಸದಲ್ಲ. ಯಾರೋ ಬಳಸಿದ್ದು, ತೊಳೆದಿದ್ದು. ರಾತ್ರಿಯೆಲ್ಲ ಮುಖಕ್ಕೆ ಕಟ್ಟಿಕೊಂಡು ಮಲಗಬೇಕು. ಎಷ್ಟು ಹೊತ್ತು ಕಟ್ಟಿಕೊಂಡಿದ್ದ ಅಂತ ಮಿಷಿನ್ನೇ ಆಫೀಸಿಗೆ ಚಾಡಿ ಹೇಳತ್ತೆ.

ಬಾವಿ ಹತ್ರ ಬಂದಾಗ ಕೇಳಿಸ್ತು.

ಗೊರ್‍ರ್... ಗೊರ್‍ರ್...

ಯಾರೋ ಗೊರಕೆ ಹೊಡೀತಿದಾರೆ. ದಪ್ಪ ಗಂಟಲಿನ ಗೊರಕೆ. ಕ್ಲೋವಿಸ್ ನಿಂತ. ಗೊರಕೆಯೂ ನಿಲ್ತು...

ಅವನು ಸುಮ್ಮನೆ ಎಣಿಸಿದ. ಹತ್ತು... ಹದಿನೈದು... ಇಪ್ಪತ್ತಮೂರು...

ಹ್ಹಾಕ್.

ನೀರಲ್ಲಿ ಮುಳುಗಿದವನು ಮೇಲೆ ಬಂದು ಗಾಳಿ ಎಳೆದ ಹಾಗೆ. ಆಮೇಲೆ ಮತ್ತೆ ಗೊರ್‍ರ್...

ಮೊದಲು ಚಪ್ಪಡಿ ಕೆಳಗಿಂದ ಬಂತು ಅನ್ಕೊಂಡ. ಅಲ್ಲ. ಮರದ ಆಚೆಯಿಂದ. ಆ ಸಾಲಲ್ಲಿ ನಿಂತಿದ್ದುದು ಒಂದೇ ಲಾರಿ. ನಾನೂರ ಹದಿನೇಳು. ಅದರ ಬಾಗಿಲಿಗೆ ಬೀಗ. ಕೀಲಿ ಇವನ ಜೇಬಲ್ಲಿ.

ಬಾಗಿಲು ತೆಗೆದು ಟಾರ್ಚು ಬಿಟ್ಟ. ಒಳಗೆ ಯಾರೂ ಇಲ್ಲ. ಸೀಟಿನ ಹಿಂದೆ ಪರದೆ, ಪರದೆ ಹಿಂದೆ ಒಂದರ ಮೇಲೊಂದು ಎರಡು ಮಂಚ. ಮೇಲಿನ ಮಂಚ ಮಡಿಸಿ ಗೋಡೆಗೆ ಒರಗಿಸಿತ್ತು. ದೂರದ ಹೆದ್ದಾರಿ ಸದ್ದು ಹೀಗೆ ಕೇಳಿರಬೇಕು ಅಂತ ತನಗೆ ತಾನೇ ಹೇಳಿಕೊಂಡ. ಇಂಜಿನ್ ಹಚ್ಚಿದ, ಮಿಷಿನ್ ಹಚ್ಚಿದ, ಮುಖವಾಡ ಕಟ್ಟಿದ, ಕೆಳಗಿನ ಮಂಚದಲ್ಲಿ ಬಯ್ದುಕೊಂಡೇ ಮಲಗಿದ. ಉಸ್ಸ್... ಹೂ... ಉಸ್ಸ್... ಹೂ... ಐದು ನಿಮಿಷಕ್ಕೆ ಇಂಜಿನ್ನು ತಾನಾಗೇ ಆರಿತು. ಡೀಸೆಲ್ ಉಳಿಸೋಕೆ ಕಂಪನಿ ಹಾಗೆ ಮಾಡಿಸಿತ್ತು. ಇನ್ನು ಹೀಟರೂ ಮಿಷಿನ್ನೂ ಬ್ಯಾಟರಿ ಮೇಲೆ.

ಎಚ್ಚರ ಆದದ್ದು ಬಡಿತಕ್ಕೆ.

ಧಡ್. ಧಡ್. ಧಡ್.

ಮೇಲಿನ ಮಂಚದ ಹಲಗೆಯನ್ನ ಯಾರೋ ಹಿಮ್ಮಡಿಯಲ್ಲಿ ಒದ್ದ ಹಾಗೆ. ಕಣ್ಣು ಬಿಟ್ಟರೆ ಕತ್ತಲು. ಎದೆ ಮೇಲೆ ಬಂಡೆ ಇಟ್ಟ ಹಾಗಿತ್ತು. ಮುಖವಾಡ ಮುಖಕ್ಕೆ ಅಂಟಿತ್ತು, ಅದರಲ್ಲಿ ಗಾಳಿ ಇಲ್ಲ. ಬ್ಯಾಟರಿ ಮುಗಿದು ಮಿಷಿನ್ ಸತ್ತಿತ್ತು. ಕಿವಿ ಹತ್ರವೇ ಒಂದು ಪಿಸುಮಾತು... ಬೇಜಾರಿನ ದನಿ.

"ಉಸಿರು ತಗೊಳೋ, ಗುಗ್ಗು."

ಕ್ಲೋವಿಸ್ ಮುಖವಾಡ ಕಿತ್ತು ಎದ್ದು ಕೂತ. ಹ್ಹಾಕ್ ಅಂತ ಗಾಳಿ ಎಳೆದ. ಗಡಿಯಾರ ನೋಡಿದ. ಎರಡು ನಲವತ್ತು. ಟಾರ್ಚು ಮೇಲೆ ಬಿಟ್ಟ...

ಮಡಿಸಿದ್ದ ಮಂಚ ಬಿಚ್ಚಿತ್ತು.

ಕನಸು ಅಂದುಕೊಂಡು ಒಂದು ವಾರ ಓಡಿಸಿದ. ಇಲಿನಾಯ್, ಇಂಡಿಯಾನ, ಒಹಾಯೊ. ಎಲ್ಲಿ ನಿಲ್ಲಿಸಿದ್ರೂ ಅದೇ ಆಟ. ಐದು ನಿಮಿಷಕ್ಕೆ ಇಂಜಿನ್ ಆರತ್ತೆ. ಎರಡು ನಲವತ್ತಕ್ಕೆ ಟಕ್ ಅಂತ ಮಿಷಿನ್ ಸಾಯತ್ತೆ. ಆಮೇಲೆ ಧಡ್, ಧಡ್, ಧಡ್. ಆಫೀಸಿಗೆ ಎರಡು ಸಲ ಫೋನ್ ಮಾಡಿದ. "ರಾತ್ರಿ ಇಂಜಿನ್ ಓಡೋ ಹಾಗೆ ಮಾಡ್ರಪ್ಪ, ಇಲ್ಲಾಂದ್ರೆ ಈ ಮಿಷಿನ್ ಯಾತಕ್ಕೆ ಕೊಟ್ರಿ?" ಬರೆದು ಕಳಿಸಿ ಅಂದ್ರು. ಬರೆದು ಕಳಿಸಿದ.

ಗುರುವಾರ ಹಾಡುಹಗಲು, ಇಂಡಿಯಾನದ ಹೆದ್ದಾರಿ. ಮಿಷಿನ್ನನ್ನ ಚೀಲಕ್ಕೆ ಹಾಕಿ ಹಿಂದೆ ಇಟ್ಟಿದ್ದ, ವೈರು ಕೂಡ ಸಿಕ್ಕಿಸಿರಲಿಲ್ಲ. ರೇಡಿಯೋ ಆರಿಸಿದಾಗ ಪರದೆ ಹಿಂದಿನಿಂದ ಕೇಳಿಸ್ತು.

ಉಸ್ಸ್... ಹೂ... ಉಸ್ಸ್... ಹೂ...

ಯಾರೋ ನೆಮ್ಮದಿಯಾಗಿ ಮಲಗಿದಾರೆ. ಕ್ಲೋವಿಸ್ ಪರದೆ ಸರಿಸಲಿಲ್ಲ. ನೂರ ಹತ್ತು ಮೈಲಿ ಹಾಗೇ ಓಡಿಸಿದ, ಎರಡೂ ಕೈ ಸ್ಟೀರಿಂಗ್ ಮೇಲೆ.

ಶನಿವಾರ ರಾತ್ರಿ ಯಾರ್ಡಿಗೆ ಬಂದವನೇ ಗೇಟಿನ ಗೂಡಿಗೆ ಹೋದ. ಅಲ್ಲಿ ವರ್ನಾ ಕೂತಿರ್ತಾಳೆ. ಅರವತ್ತೇಳರ ಹೆಂಗಸು, ಇಪ್ಪತ್ತು ವರ್ಷದಿಂದ ರಾತ್ರಿ ಕಾವಲು.

"ವರ್ನಾ, ನಾನೂರ ಹದಿನೇಳು ನನಗಿಂತ ಮೊದಲು ಯಾರ ಹತ್ರ ಇತ್ತು?"

ವರ್ನಾ ಕಿಟಕಿ ಮುಚ್ಚಿದ್ಲು. ದನಿ ಇಳಿಸಿದ್ಲು.

"ನಿನಗೆ ಹೇಳಿಲ್ವಾ?"

"ಇಲ್ಲ."

"ರಾಸ್ಕೋ ಲಿಂಡಮನ್."

ಕ್ಲೋವಿಸ್‌ಗೆ ನೆನಪಾಯ್ತು. ಡೀಸೆಲ್ ಹಾಕಿಸೋವಾಗ ನಾಲ್ಕೈದು ಸಲ ಮಾತಾಡಿದ್ದ. ಅಯೋವದ ಮುದುಕ, ಇವನಷ್ಟೇ ಗಾತ್ರ. ಸದಾ ಮಗಳ ಮಾತು. "ನಿವೃತ್ತಿ ಆದ್ನಲ್ಲ?"

"ಅದು ಆಫೀಸಿನೋರು ಹೇಳಿದ್ದು." ವರ್ನಾ ಕೈಲಿದ್ದ ಪೆನ್ನನ್ನ ಮೇಜಿನ ಮೇಲೆ ಕುಕ್ಕಿದ್ಲು. "ಅವನಿಗೂ ಕತ್ತು ಅಳೆದ್ರು. ಕಾರ್ಡು ಬರೋವರೆಗೆ ಯಾರ್ಡಲ್ಲೇ ಇರು ಅಂದ್ರು. ಹೋಗೋಕೆ ಅವನಿಗೆ ಮನೆಯೂ ಇರಲಿಲ್ಲ ಅನ್ನು. ಹತ್ತೊಂಬತ್ತು ರಾತ್ರಿ ಆ ಮರದ ಕೆಳಗೆ ಲಾರಿಯಲ್ಲೇ ಮಲಗಿದ. ಮಿಷಿನ್ ಹಾಕ್ಕೊಳ್ಳೇಬೇಕು ಅಂದ್ರು. ಇಂಜಿನ್ ಹಚ್ಚೋ ಹಾಗಿಲ್ಲ ಅಂದ್ರು. ಬ್ಯಾಟರಿ ರಾತ್ರಿಯೆಲ್ಲ ಬರಲ್ಲ ಅಂತ ಐದು ಸಲ ಬರೆದುಕೊಟ್ಟ. ಐದು ಸಲ, ಕ್ಲೋವಿಸ್. ನಾನೇ ಆ ಕಾಗದ ಆಫೀಸಿನ ಪೆಟ್ಟಿಗೆಗೆ ಹಾಕಿದ್ದು."

"ಆಮೇಲೆ?"

"ಇಪ್ಪತ್ತನೇ ದಿನ ಬೆಳಿಗ್ಗೆ ನಾನೇ ಬಾಗಿಲು ಬಡಿದೆ... ಮುಖವಾಡ ಮುಖದ ಮೇಲೇ ಇತ್ತು. ಸಾವಿನ ಕಾರಣ ಹೃದಯ ಅಂತ ಬರೆದ್ರು. ಕೆಳಗೆ ಇನ್ನೊಂದು ಸಾಲು. 'ಚಾಲಕನ ತೂಕ ವಿಪರೀತವಾಗಿತ್ತು.' ಅಷ್ಟೇ. ಲಾರಿ ಗುಡಿಸಿದ್ರು. ಮಿಷಿನ್ ತೊಳೆದು ಬೀರುವಿನಲ್ಲಿ ಇಟ್ರು."

ಕ್ಲೋವಿಸ್ ಆ ರಾತ್ರಿ ಮಲಗಲಿಲ್ಲ. ಮನೆಗೂ ಬರಲಿಲ್ಲ. ವರ್ನಾ ಗೂಡಿನಲ್ಲೇ ಸ್ಟೂಲಿನ ಮೇಲೆ ಕೂತಿದ್ದ. ತೂಕ ವಿಪರೀತವಾಗಿತ್ತು, ತೂಕ ವಿಪರೀತವಾಗಿತ್ತು ಅಂತ ಅಂದುಕೊಳ್ತಾನೇ ಬೆಳಗು ಮಾಡಿದ.

ಸೋಮವಾರ ಬೆಳಿಗ್ಗೆ ಅವರೇ ಕರೆದ್ರು. ಸುರಕ್ಷತೆ ನೋಡಿಕೊಳ್ಳೋನು ಬ್ರೈಸ್ ಕೀನಿ. ಇಪ್ಪತ್ತೊಂಬತ್ತು ವರ್ಷ. ತೆಳ್ಳಗೆ, ಬೆನ್ನು ನೆಟ್ಟಗೆ. ಕೆಟ್ಟ ಹುಡುಗ ಅಲ್ಲ, ಆದರೆ ಅವನು ಲಾರಿಯನ್ನ ನೋಡಿದ್ದೆಲ್ಲ ಆಫೀಸಿನ ಕಿಟಕಿಯಿಂದ. ಕಂಪ್ಯೂಟರ್ ಪರದೆಯನ್ನ ಕ್ಲೋವಿಸ್ ಕಡೆ ತಿರುಗಿಸಿದ.

"ಮಿಸ್ಟರ್ ಟ್ಯಾಕೆಟ್, ಇದೇನು ವಿವರಿಸ್ತೀರಾ? ದಿನಕ್ಕೆ ಹತ್ತೊಂಬತ್ತು ಗಂಟೆ ಮಿಷಿನ್ ಬಳಕೆ ಆಗಿದೆ. ನೀವು ಗಾಡಿ ಓಡಿಸೋ ಹೊತ್ತಲ್ಲೂ."

"ಅದು ಎರಡು ನಲವತ್ತಕ್ಕೆ ಸಾಯತ್ತೆ. ಬರೆದು ಕೊಟ್ಟಿದೀನಲ್ಲ."

"ಪರದೆಯಲ್ಲಿ ಹಾಗೆ ತೋರಿಸ್ತಿಲ್ಲ. ಸುಮ್ಮನೆ ಹಚ್ಚಿಟ್ಟದ್ದೂ ಅಲ್ಲ. ಮನುಷ್ಯರ ಉಸಿರೇ ದಾಖಲಾಗಿದೆ." ಬ್ರೈಸ್ ದನಿ ಗಟ್ಟಿಯಾಯ್ತು. "ಲಾರಿಯಲ್ಲಿ ಯಾರನ್ನ ಕೂರಿಸ್ಕೊಂಡು ಓಡಾಡ್ತಿದೀರಿ? ಅನುಮತಿ ಇಲ್ಲದೆ ಜನ ಹತ್ತಿಸಿದ್ರೆ ಕೆಲಸ ಹೋಗತ್ತೆ, ನಿಮಗೆ ಗೊತ್ತು."

ಆಚೆ ಹಜಾರದಲ್ಲಿ ಐದಾರು ಡ್ರೈವರು ಕಾಫಿ ಹಿಡಿದು ನಿಂತಿದ್ರು. ಎಲ್ಲರೂ ಈ ಕಡೆ ತಿರುಗಿದ್ರು.

"ನಾನು ಹತ್ತಿಸಿದ್ದಲ್ಲ" ಅಂದ ಕ್ಲೋವಿಸ್. "ನೀವೇ ಕೊಟ್ಟಿದ್ದು. ರಾಸ್ಕೋ ಲಿಂಡಮನ್."

ಬ್ರೈಸ್ ಮುಖ ಬಿಳುಪಾಯ್ತು. ಆದರೂ ಬಿಡಲಿಲ್ಲ. "ಅದು ಮುಗಿದ ವಿಷಯ."

"ಅವನು ಇಂಜಿನ್ ಹಚ್ಚೋಕೆ ಬಿಡಿ ಅಂತ ಐದು ಸಲ ಕೇಳಿದ್ದ."

"ಡೀಸೆಲ್ ನಿಯಮ ನನ್ನದಲ್ಲ. ಅದು ಬೇರೆ ವಿಭಾಗ."

ಕ್ಲೋವಿಸ್ ಮೇಜಿನ ಮೇಲೆ ಎರಡೂ ಕೈ ಊರಿದ. ಕೂಗಲಿಲ್ಲ. ಕೂಗಿದ್ರೆ ಬ್ರೈಸ್‌ಗೆ ಸಲೀಸಾಗ್ತಿತ್ತು ಅಂತ ಆಮೇಲೆ ಹೇಳಿದ.

"ನೀನು ನನ್ನ ಕತ್ತು ಅಳೆಸಿದೆ, ಸರಿ. ಕಾಯಿಲೆ ಇದೆ ಅಂದೆ, ಅದೂ ನಿಜ, ನಾನು ಒಪ್ಪಿದೆ. ಔಷಧಿ ಕೊಟ್ಟು ಗಂಟಲು ಹಿಸುಕ್ತಿದೀಯಲ್ಲ, ಅದನ್ನ ಯಾವ ವಿಭಾಗ ನೋಡತ್ತೆ? ಒಂದು ರಾತ್ರಿ ನೀನೇ ಮಲಗಿ ನೋಡು. ಅದೇ ಲಾರಿ, ಅದೇ ಮಿಷಿನ್ನು. ಬೆಳಿಗ್ಗೆ ಎದ್ದು ಎಲ್ಲ ಸರಿ ಇದೆ ಅಂದ್ರೆ ನಾನೇ ಕೆಲಸ ಬಿಡ್ತೀನಿ."

ಹಜಾರದಿಂದ ಯಾರೋ, "ಮಲಗಪ್ಪ ಬ್ರೈಸ್. ಹಾಸಿಗೆ ನಿನ್ನ ಕುರ್ಚಿಗಿಂತ ಮೆತ್ತಗಿದೆ" ಅಂದ್ರು. ಉಳಿದೋರು ನಕ್ಕರು. ಬ್ರೈಸ್ ಕಿವಿ ಕೆಂಪಾಯ್ತು.

"ಆಗಲಿ" ಅಂದ. "ಇವತ್ತೇ."

ಹತ್ತು ಗಂಟೆಗೆ ಬ್ರೈಸ್ ಮನೆಯಿಂದ ದಿಂಬು ತಂದ. ಲಾರಿ ಅದೇ ವಾಲ್‌ನಟ್ ಮರದ ಕೆಳಗೆ ನಿಂತಿತ್ತು. ಕ್ಲೋವಿಸ್ ಮಿಷಿನ್ ಹಚ್ಚೋದು ಹೇಳಿಕೊಟ್ಟ, ಕೆಳಗಿಳಿದ. ಒಳಗಿನಿಂದ ಬೀಗ ಬಿತ್ತು. ಇಂಜಿನ್ ಗುಡುಗುಡು ಅಂತು... ಐದು ನಿಮಿಷ... ಆರಿತು.

ಕ್ಲೋವಿಸ್ ಮತ್ತು ವರ್ನಾ ಬಾವಿಯ ಚಪ್ಪಡಿ ಮೇಲೆ ಕಂಬಳಿ ಹೊದ್ದು ಕೂತ್ರು. ವರ್ನಾ ಹತ್ರ ಲಾರಿಯ ಇನ್ನೊಂದು ಕೀಲಿ, ಫ್ಲಾಸ್ಕಲ್ಲಿ ಕಾಫಿ. ಒಂದು ಗಂಟೆ. ಎರಡು. ಒಳಗೆ ಉಸ್ಸ್... ಹೂ... ಸಣ್ಣಗೆ ಕೇಳ್ತಿತ್ತು.

ಎರಡು ನಲವತ್ತು. ಟಕ್.

ನಿಶ್ಶಬ್ದ...

ಮುಖವಾಡಕ್ಕೆ ಗಾಳಿಯಾಡೋ ತೂತು ಇರತ್ತೆ. ಮಿಷಿನ್ ನಿಂತ್ರೂ ಆರೋಗ್ಯವಾಗಿರೋನಿಗೆ ಏನೂ ಆಗಲ್ಲ. ಎದ್ದು ಬೈಕೊಂಡು ಇಳಿದು ಬರ್ತಾನೆ ಅಂತಲೇ ಇಬ್ಬರೂ ಕಾದ್ರು.

ಗೊರ್‍ರ್...

ವರ್ನಾ ಕ್ಲೋವಿಸ್ ತೋಳು ಹಿಡಿದ್ಲು. "ಅದು ಬ್ರೈಸ್ ಗೊರಕೆ ಅಲ್ಲ."

ಗೊರ್‍ರ್... ಗೊರ್‍ರ್... ನಿಲ್ತು. ಆಮೇಲೆ ಒಳಗೆ ಯಾರೋ ಕಾಲು ಬಡಿಯೋ ಸದ್ದು. ಬೂಟಿಲ್ಲದ ಕಾಲು. ತಪ್... ತಪ್... ತಪ್...

ಇದನ್ನ ಹೇಳೋವಾಗ ಇಲ್ಲಿಗೆ ಬಂದ್ರೆ ಕ್ಲೋವಿಸ್ ಪ್ರತಿ ಸಲ ತಲೆ ತಗ್ಗಿಸ್ತಾನೆ. ಯಾಕಂದ್ರೆ ಅವನು ತಕ್ಷಣ ಏಳಲಿಲ್ಲ. ಗೊತ್ತಿತ್ತು, ಒಳಗೆ ಹುಡುಗ ಒದ್ದಾಡ್ತಿದಾನೆ ಅಂತ. ಆದರೂ ಕೂತಲ್ಲೇ ಎಣಿಸ್ತಿದ್ದ. ಒಂಬತ್ತರವರೆಗೆ ಎಣಿಸಿದ. "ಆಗಲಿ ಅನ್ನಿಸ್ತು. ಇವನಿಗೂ ಆಗಲಿ. ಅಷ್ಟು ಸಿಟ್ಟಿತ್ತು ನನಗೆ" ಅಂತಾನೆ.

ಒಂಬತ್ತಕ್ಕೆ ಎದ್ದ.

ವರ್ನಾ ಕೀಲಿ ತಿರುಗಿಸಿದ್ಲು. ಬೀಗ ತೆಗೀತು, ಬಾಗಿಲು ತೆಗೀಲಿಲ್ಲ. ಒಳಗಿಂದ ಯಾರೋ ಹಿಡಿಕೆ ಎಳೆದು ಹಿಡಿದ ಹಾಗೆ. ಕ್ಲೋವಿಸ್ ಟೈರು ಬಡಿದು ನೋಡೋ ಕೋಲು ತಗೊಂಡು ಗಾಜಿಗೆ ಹೊಡೆದ. ಛಳ್. ಮುನ್ನೂರ ಹದಿನೆಂಟು ಪೌಂಡಿನ ಮೈಯನ್ನ ಆ ಕಿಟಕಿಯಲ್ಲಿ ಅದು ಹೇಗೆ ತೂರಿಸಿದ್ನೋ, ಅವನಿಗೇ ಗೊತ್ತಿಲ್ಲ.

ಬ್ರೈಸ್ ಕೆಳಗಿನ ಮಂಚದಲ್ಲಿದ್ದ. ತುಟಿ ನೀಲಿ. ಕಣ್ಣು ತೆರೆದಿತ್ತು. ಎರಡೂ ಕೈಯಲ್ಲಿ ಮುಖವಾಡ ಕೀಳ್ತಿದ್ದ, ಅದು ಬರ್ತಿರಲಿಲ್ಲ. ಕ್ಲೋವಿಸ್ ಹಿಡಿದು ಎಳೆದ. ಬರಲಿಲ್ಲ. ಗೋಡೆಗೆ ಮೊಳೆ ಹೊಡೆದಷ್ಟು ಗಟ್ಟಿ. ಮೇಲಿನ ಮಂಚ ಬಿಚ್ಚಿತ್ತು. ಅಲ್ಲಿಂದ ಹಳೇ ಕಾಫಿ, ಹೊಗೆಸೊಪ್ಪಿನ ವಾಸನೆ.

"ರಾಸ್ಕೋ" ಅಂದ ಕ್ಲೋವಿಸ್, ಮೆಲ್ಲಗೆ. "ನಾನು. ಟ್ಯಾಕೆಟ್."

ಮೇಲಿನ ಮಂಚದಿಂದ ಪಿಸುಮಾತು ಬಂತು.

"ಹತ್ತೊಂಬತ್ತು ರಾತ್ರಿ."

"ಗೊತ್ತು."

"ಇವನಿಗೂ ಗೊತ್ತಾಗ್ಲಿ."

"ಗೊತ್ತಾಯ್ತು. ನೋಡು ಅವನ ಕಣ್ಣು." ಕ್ಲೋವಿಸ್‌ಗೆ ಅಳು ಬರ್ತಿತ್ತು. "ಬಿಡು, ರಾಸ್ಕೋ. ಇವನು ಸತ್ರೆ ಇವನ ಕಾಗದದ ಮೇಲೂ ಹೃದಯ ಅಂತ ಬರೀತಾರೆ. ಆ ಕುರ್ಚಿಗೆ ನಾಳೆ ಇನ್ನೊಬ್ಬ ಬಂದು ಕೂರ್ತಾನೆ. ನಿನ್ನ ಹೆಸರು ಯಾರೂ ಎತ್ತಲ್ಲ. ಬದುಕಿದ್ರೆ ಇವನೇ ಹೇಳ್ತಾನೆ. ನಿನ್ನ ಮಗಳಿಗೆ ಹೇಳ್ತಾನೆ."

ಬಹಳ ಹೊತ್ತು ಅನ್ನಿಸ್ತಂತೆ. ಎಷ್ಟೋ ಗೊತ್ತಿಲ್ಲ. ಆ ಸಲ ಅವನು ಎಣಿಸಲಿಲ್ಲ.

ಮೇಲಿನ ಹಲಗೆ ಕಿರ್‍ರ್ ಅಂತು, ದಪ್ಪ ಮನುಷ್ಯ ಗೋಡೆ ಕಡೆ ಹೊರಳಿ ಮಲಗಿದ ಹಾಗೆ. ಮುಖವಾಡ ಕ್ಲೋವಿಸ್ ಕೈಗೆ ಬಂತು. ಬ್ರೈಸ್ ಹ್ಹಾಕ್ ಅಂತ ಗಾಳಿ ಎಳೆದ.

ಬ್ರೈಸ್‌ನ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಕೊಂಡ್ರು. ಹೃದಯ ಚೆನ್ನಾಗಿದೆ, ಶ್ವಾಸಕೋಶ ಚೆನ್ನಾಗಿದೆ ಅಂದ್ರು. ಮೂರನೇ ದಿನ ಬ್ರೈಸ್ ಒಂದು ಕಾಗದ ಬರೆದ. ರಾಸ್ಕೋ ಲಿಂಡಮನ್ ಐದು ಸಲ ಕೇಳಿದ್ದ, ಐದೂ ಕಾಗದ ನಾನು ಓದಿದ್ದೆ, ತೂಕದ ಬಗ್ಗೆ ಆ ಕೊನೇ ಸಾಲು ಬರೆದವನೂ ನಾನೇ ಅಂತ. ಕೆಳಗೆ ಪೂರ್ತಿ ಹೆಸರು ಹಾಕಿ ರುಜು ಮಾಡಿದ. ಒಂದು ಪ್ರತಿ ಕಂಪನಿಗೆ. ಇನ್ನೊಂದನ್ನ ತಾನೇ ಅಯೋವಕ್ಕೆ ಕಾರಲ್ಲಿ ಹೋಗಿ ರಾಸ್ಕೋ ಮಗಳ ಕೈಗೆ ಕೊಟ್ಟ. ಅವಳು ಕಾಗದ ಓದಿ ಬಾಗಿಲು ಹಾಕಿಕೊಂಡ್ಲಂತೆ. ಈಗ ಕೋರ್ಟಿಗೆ ಹೋಗಿದಾಳೆ.

ಕಂಪನಿ ಬ್ರೈಸ್‌ನ ಕೆಲಸದಿಂದ ತೆಗೀತು. ಫೆಬ್ರವರಿಯಲ್ಲಿ ಒಂದು ನೋಟೀಸು ಅಂಟಿಸಿದ್ರು, ಮಲಗೋ ಹೊತ್ತಲ್ಲಿ ಇಂಜಿನ್ ಹಚ್ಚಿಡಬಹುದು ಅಂತ. ಅದರಲ್ಲಿ ರಾಸ್ಕೋ ಹೆಸರು ಇಲ್ಲ. ಕ್ಲೋವಿಸ್ ಪೆನ್ ತಗೊಂಡು ನೋಟೀಸಿನ ಮೇಲೆ ದಪ್ಪಗೆ ಆ ಹೆಸರು ಬರೆದ. ಹರಿದು ಬೇರೆ ಅಂಟಿಸಿದ್ರು. ಅದರ ಮೇಲೂ ಬರೆದ. ನಾಲ್ಕನೇ ಸಲ ಹರಿಯೋದು ಬಿಟ್ರು.

ಅವನು ಈಗ್ಲೂ ಲಾರಿ ಓಡಿಸ್ತಾನೆ. ಬೇರೆ ಲಾರಿ. ಹೊಸ ಮಿಷಿನ್ ತಂದ್ಕೊಂಡಿದಾನೆ, ಒಂದು ರಾತ್ರಿಯೂ ತಪ್ಪಿಸಲ್ಲ. ಹಗಲು ತೂಕಡಿಕೆ ಹೋಗಿದೆ, ಅದನ್ನ ಒಪ್ಕೋತಾನೆ. ಸಿಟ್ಟು ಮಾತ್ರ ಹೋಗಿಲ್ಲ.

ಕನಸು, ಚಳಿ, ವಿಷಗಾಳಿ ಅಂತ ಜನ ಏನೇನೋ ಹೇಳ್ತಾರೆ. ಹೇಳ್ಲಿ. ಇದು ನಡೆದದ್ದು, ವರ್ನಾ ಕಣ್ಣಾರೆ ಕಂಡಿದ್ದು. ಆ ಮುಖವಾಡವನ್ನ ಅವಳು ಎತ್ತಿಟ್ಟಿದ್ಲು. ಬ್ರೈಸ್ ತನ್ನ ಸಾಮಾನು ತಗೊಂಡು ಹೋಗೋಕೆ ಬಂದ ದಿನ ಅವನ ಎರಡೂ ಕೆನ್ನೆ ಮೇಲೆ ಮುಖವಾಡದ ಪಟ್ಟಿಯ ಬರೆ ಇನ್ನೂ ಕೆಂಪಗಿತ್ತು. ವರ್ನಾ ಅವನನ್ನ ಗೂಡಿನೊಳಗೆ ಸ್ಟೂಲಿನ ಮೇಲೆ ಕೂರಿಸಿ, ಪಟ್ಟಿ ಆ ರಾತ್ರಿ ಹೇಗಿತ್ತೋ ಹಾಗೇ, ಒಂದಿಷ್ಟೂ ಬಿಗಿ ಮಾಡದೆ, ಸಡಿಲ ಮಾಡದೆ, ಅವನ ತಲೆಗೆ ಹಾಕಿ ನೋಡಿದ್ಲು.

ಮೂರು ಸಲ ಹಾಕಿದ್ಲು. ಮೂರು ಸಲವೂ ಜಾರಿ ಅವನ ಭುಜದ ಮೇಲೆ ಬಿತ್ತು.